ಅತ್ತೆ ಹೂ ಕೇಳಿದ ಮಂಗಳವಾರ

ಹೂ ಬಲಕ್ಕೆ ಬಿದ್ದರೂ ಕಷ್ಟ, ಎಡಕ್ಕೆ ಬಿದ್ದರೂ ಕಷ್ಟ. ಆ ಮಂಗಳವಾರ ಬೆಳಿಗ್ಗೆ ಮಾರಮ್ಮನ ಗುಡಿಯಲ್ಲಿ ಸೇರಿದ್ದ ಅಷ್ಟೂ ಜನರಲ್ಲಿ ಹೂ ಬೀಳುವುದೇ ಬೇಡ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು.

ಕಾರ್ಗಿಲ್ ಯುದ್ಧ ಮುಗಿದ ವರ್ಷದ ಮಾತು. ಆ ಮಂಗಳವಾರದ ಹಿಂದಿನ ಶನಿವಾರ ನನ್ನ ಅತ್ತೆ ಕೆಂಪಾಜಮ್ಮನವರಿಗೆ ಹುಣಸೂರಿನಲ್ಲಿ ಸ್ಕ್ಯಾನ್ ಮಾಡಿಸಿದ್ದೆವು. ಹೊಟ್ಟೆಯಲ್ಲಿ ಗಡ್ಡೆ ಇದೆ, ಅದು ಸರಿ ಕಾಣುತ್ತಿಲ್ಲ, ಕ್ಯಾನ್ಸರ್ ಇದ್ದರೂ ಇರಬಹುದು ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಹೌದೋ ಅಲ್ಲವೋ ಎಂದು ಹೇಳಬೇಕಾದ ದೊಡ್ಡ ಡಾಕ್ಟರು ಬೆಂಗಳೂರಿನಿಂದ ಮೈಸೂರಿಗೆ ತಿಂಗಳಿಗೊಂದೇ ಗುರುವಾರ ಬರುತ್ತಿದ್ದರು. ಈ ಗುರುವಾರ ತಪ್ಪಿದರೆ ಇನ್ನೊಂದು ತಿಂಗಳು. "ಅಷ್ಟು ದಿನ ಮಾತ್ರ ಕಾಯಬೇಡಿ" ಎಂದು ಡಾಕ್ಟರು ನನ್ನನ್ನು ನೋಡಿ ಹೇಳಿದರು. ನನ್ನ ಗಂಡ ಚಲುವರಾಜು ಆಗಲೇ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಅತ್ತೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣದವರೆಗೂ ಬಸ್ಸಿನಲ್ಲಿ ಒಂದು ಮಾತಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ನಾಲ್ಕು ಮನೆಗೆ ಕೇಳುವಂತೆ ಕೂಗುವ ಹೆಂಗಸು ಅದು. ನಾನು ಕೆ.ಆರ್. ನಗರದ ಕಡೆಯವಳು, ನನ್ನ ಬಾಯಿಯೂ ಸಣ್ಣದಲ್ಲ. ನಮ್ಮಿಬ್ಬರ ಜಗಳ ಕೇಳಿಸಿದರೇ ಬೀದಿಯವರಿಗೆ ಬೆಳಗಾಗುತ್ತಿದ್ದದ್ದು. ಅಂಥವರು ಸುಮ್ಮನಾದದ್ದು ಕಂಡು, ಸ್ಕ್ಯಾನ್ ನೋಡಿದಾಗ ಆಗದಷ್ಟು ಭಯ ನನಗೆ ಬಸ್ಸಿನಲ್ಲಿ ಆಯಿತು.

ಭಾನುವಾರದಿಂದ ಜನ ಬರತೊಡಗಿದರು. ಬಂದವರೆಲ್ಲ ಎರಡು ಮೂಸಂಬಿ ತಂದರು, ಜೊತೆಗೆ ಯಾರೋ ಸತ್ತ ಕಥೆಯೊಂದನ್ನು ತಂದರು. ಅವರಿಗೆಲ್ಲ ಕಾಫಿ ಕಾಸಿ ಕಾಸಿ ನನಗೆ ತಲೆ ಕೆಟ್ಟುಹೋಗಿತ್ತು. ಎಲ್ಲರಿಗಿಂತ ಹೆಚ್ಚು ಕಾಫಿ ಕುಡಿದವರು ಪಕ್ಕದ ಮನೆಯ ಮಂಗಳಮ್ಮ.

"ಕುಯ್ದ್ರೆ ಮೈಗೆಲ್ಲಾ ಅಬ್ಕತದಂತೆ ಕಣಕ್ಕ. ಮೊದ್ಲು ಅಮ್ಮನ್ ತಾವ ಹೂ ಕೇಳು. ಬಲಕ್ಕೆ ಕೊಟ್ರೆ ಏನೂ ಇಲ್ಲ ಅಂತ. ಮೈಸೂರು ಯಾಕೆ?"

"ಎಡಕ್ಕೆ ಬಿದ್ರೆ?" ಎಂದೆ ನಾನು.

"ಎಡಕ್ಕೆ ಬಿದ್ಮೇಲೆ ಡಾಕ್ಟ್ರು ತಾನೇ ಏನ್ ಮಾಡಾರು?"

ಅಲ್ಲಿಗೆ ಎರಡು ಕಡೆಯಿಂದಲೂ ಮೈಸೂರಿನ ದಾರಿ ಮುಚ್ಚಿತು. ನನ್ನ ಗಂಡ ಬೇರೆ ತಲೆಯಾಡಿಸಿದರು. ನಾನು ಆಗಲೇ ಸ್ಕ್ಯಾನಿನ ಫಿಲಮ್ಮನ್ನು ಅತ್ತೆಯ ಸೀರೆ ಮಡಿಕೆಯಲ್ಲಿಟ್ಟು ಬ್ಯಾಗು ಸಿದ್ಧ ಮಾಡಿದ್ದೆ. ತಾಯಿಯನ್ನು ಮಗ ಕರೆದುಕೊಂಡು ಹೋಗುವುದು, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿಯನ್ನು ನಾನು ನೋಡಿಕೊಳ್ಳುವುದು ಎಂದು ಮಾತಾಗಿತ್ತು. ಶನಿವಾರದಿಂದ ಬಾಯಿ ಬಿಡದ ಅತ್ತೆ ಆಗ ಬಾಯಿ ಬಿಟ್ಟರು.

"ಆಗ್ಲಿ. ಹೂ ಕೇಳ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು.

ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೂಜಾರಿ ಮಂಟಯ್ಯ ಕಣಗಲೆ ಹೂಗಳನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೂ ಅಂಟಿಸಿದ. "ಮನಸ್ನಲ್ಲೇ ಕೇಳ್ಕ ಕಣಕ್ಕ, ಬಾಯ್ಬುಟ್ಟು ಅನ್ಬ್ಯಾಡ" ಎಂದ. ಅತ್ತೆ ಸೆರಗು ಹೊದ್ದು ಕೈಮುಗಿದು ಕಣ್ಣು ಮುಚ್ಚಿದರು. ಗಂಟೆ ನಿಂತಿತು.

"ಕೊಡು ತಾಯಿ, ಬಲಕ್ಕೆ ಕೊಡು, ಕೊಟ್ಬುಡು" ಎಂದು ಮಂಗಳಮ್ಮ ಶುರುಮಾಡಿದರು. ಹಿಂದಿನಿಂದ ಯಾರೋ "ಸುಮ್ನಿರಮ್ಮಿ" ಎಂದು ಗದರಿದರು. ಎಡಗಡೆಯ ಹೂ ಅಲ್ಲಾಡಿತು. ನನ್ನ ಗಂಡ ಊರವರೆದುರಿಗೇ ನನ್ನ ಕೈ ಹಿಡಿದುಕೊಂಡುಬಿಟ್ಟರು. ಆ ಹೂ ಅರ್ಧ ಜಾರಿತು, ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ಅಮ್ಮನ ಬಳೆಗೆ ತಗುಲಿ ಅಲ್ಲೇ ನಿಂತಿತು. ಬೀಳಬೇಡ, ಬೀಳಬೇಡ ಎಂದು ಅದನ್ನೇ ನೋಡುತ್ತಿದ್ದಾಗ ಬಲಗಡೆಯ ಹೂ ಪಟ್ಟನೆ ಬಿತ್ತು.

"ಬಲ! ಬಲ!" ಎಂದು ಎಲ್ಲರಿಗಿಂತ ಮೊದಲು ಕಿರುಚಿದವಳು ನಾನೇ! ಗುಡಿಗೆ ಗುಡಿಯೇ ಹೋ ಎಂದಿತು. ಗಂಟೆ, ಜಾಗಟೆ, ಕೇಕೆ. ಮಂಗಳಮ್ಮ ನನ್ನನ್ನು ತಬ್ಬಿಕೊಂಡರು, ನಾನೂ ಅವರನ್ನು ತಬ್ಬಿಕೊಂಡೆ. ಅಷ್ಟು ಸಂತೋಷವಾಗಿತ್ತು.

"ಗೆದ್ದೆ ಕಣವ್ವ!" ಎಂದು ನನ್ನ ಗಂಡ ಕುಣಿದಾಡಿದರು. "ಇನ್ ಮೈಸೂರೂ ಬ್ಯಾಡ, ಡಾಕ್ಟ್ರೂ ಬ್ಯಾಡ!"

ಅದು ಕಿವಿಗೆ ಬಿದ್ದದ್ದೇ ತಡ, ನನ್ನ ಸಂತೋಷ ಇಳಿದು ಸಿಟ್ಟು ಏರಿತು.

"ಹೂ ಬಿತ್ತು ಅಂತ ಗಡ್ಡೆ ಬಿದ್ದೋಯ್ತದೇನ್ರೀ? ಗುರುವಾರ ಅತ್ತೆ ಮೈಸೂರಿಗೆ ಓಗ್ಲೇಬೇಕು. ಯಾರ್ ತಡೀತೀರೋ ತಡೀರಿ, ನೋಡೇ ಬುಡ್ತೀನಿ!"

ಜಾಗಟೆ ನಿಂತುಹೋಯಿತು. "ಅಮ್ಮನ್ ಮುಂದೆ ನಿಂತ್ಕಂಡು ಏನ್ ಮಾತಾಡೀಯೇ ಪ್ರಮೀಳಾ!" ಎಂದು ಮಂಗಳಮ್ಮ ನನ್ನನ್ನು ಬಿಟ್ಟು ದೂರ ಸರಿದರು. ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ನಿಧಾನಕ್ಕೆ ಹೂವನ್ನು ಕಣ್ಣಿಗೊತ್ತಿಕೊಂಡು, ತುರುಬಿಗೆ ಸಿಕ್ಕಿಸಿಕೊಂಡು, ಶನಿವಾರದಿಂದ ಮೊದಲ ಸಲ ನಕ್ಕರು.

"ಮೈಸೂರು ಬ್ಯಾಡ ಅಂತ ನಿಂಗ್ಯಾರ್ಲಾ ಅಂದೋರು, ಚಲುವ? ಓಗೋದು ಶನಿವಾರ್ವೇ ತೀರ್ಮಾನ ಮಾಡಿವ್ನಿ. ಅದನ್ಯಾಕೆ ಅಮ್ಮನ್ನ ಕೇಳ್ಲಿ?"

"ಮತ್ತೇನ್ ಕೇಳ್ದೆ ಅವ್ವ?"

"ಜೊತೇಲಿ ಯಾರ್ನ ಕರ್ಕಂಡೋಗ್ಲಿ ಅಂತ. ಮಗನ್ನಾದ್ರೆ ಎಡಕ್ಕೆ ಕೊಡು, ಸೊಸೇನಾದ್ರೆ ಬಲಕ್ಕೆ ಕೊಡು ಅಂದೆ."

ನನ್ನ ಗಂಡನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

"ನೀನು ಡಾಕ್ಟ್ರು ಬಾಯ್ ಬುಡಾಕ್ ಮುಂಚೇನೇ ಅತ್ಬುಡ್ತೀಯ ಕಣ್ಲಾ. ಅಲ್ಲಿ ನಿನ್ನ ಸಮಾಧಾನ ಮಾಡ್ಕಂಡ್ ಕೂತ್ಕಳಾಕೆ ನಂಗಾಗಾಕಿಲ್ಲ. ನೀನ್ ಬ್ಯಾರನ್ ನೋಡ್ಕ. ಇವ್ಳು ಅಳಾಕಿಲ್ಲ, ಜಗಳಾಡ್ತಾಳೆ. ಡಾಕ್ಟ್ರು ಏನೇ ಕೆಟ್ಟದ್ದಂದ್ರೂ ನನ್ ಪಕ್ಕದಲ್ಲಿ ಜಗಳಾಡೋರು ಬೇಕು ಕಣಪ್ಪ. ನಂಗೂ ಭಯ ಆಯ್ತದೆ."

ಮದುವೆಯಾಗಿ ಬಂದ ಹತ್ತು ವರ್ಷದಲ್ಲಿ ಆ ಬಾಯಿಂದ ಭಯ ಎನ್ನುವ ಮಾತು ನಾನು ಕೇಳಿರಲಿಲ್ಲ. ಮೂರು ದಿನದಿಂದ ತಡೆದುಕೊಂಡಿದ್ದೆಲ್ಲ ಒಟ್ಟಿಗೆ ಉಕ್ಕಿ ಬಂತು. ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟೆ.

ಅತ್ತೆಗೆ ಗಾಬರಿಯಾಯಿತು. "ಅಯ್ಯೋ ಇವ್ಳ! ಲೇ ಮಂಟಯ್ಯ, ಎಡಗಡೆ ಹೂ ಇನ್ನೂ ಅಲ್ಲೇ ಐತೇನೋ ನೋಡು" ಎಂದರು. ಆಮೇಲೆ ಬಗ್ಗಿ, ತಮ್ಮ ಸೆರಗಿನಿಂದ ನನ್ನ ಮೂಗು ಒರೆಸಿದರು. "ಅಳೋದೆಲ್ಲಾ ಇಲ್ಲೇ ಮುಗಿಸ್ಕ ಅಮ್ಮಿ. ಗುರುವಾರ ನೀನು ಅಳಂಗಿಲ್ಲ."

ಗುರುವಾರ ನಾನು ಅಳಲಿಲ್ಲ. ಹುಣಸೂರು ದಾಟುವಷ್ಟರಲ್ಲಿ ಬಸ್ಸಿನ ಕಿಟಕಿ ಮುಚ್ಚಬೇಕೋ ತೆರೆಯಬೇಕೋ ಎಂದು ನಮ್ಮಿಬ್ಬರಿಗೂ ಜೋರು ಜಗಳ ಹತ್ತಿಕೊಂಡಿತ್ತು. ಕಂಡಕ್ಟರ್ ಬಂದು "ಯಾರಾದ್ರೂ ಒಬ್ರು ಬ್ಯಾರೆ ಸೀಟ್‌ಗೆ ಓಗ್ರಮ್ಮ" ಎಂದ. ಇಬ್ಬರೂ ಒಟ್ಟಿಗೆ ಅವನ ಮೇಲೆ ತಿರುಗಿಬಿದ್ದೆವು. ಅವನು ಓಡಿಹೋದ ಮೇಲೆ ಮತ್ತೆ ಕಿಟಕಿಯ ವಿಷಯಕ್ಕೇ ಬಂದೆವು. ಬಸ್ಸು ಹತ್ತುವಾಗ ಹಿಡಿದುಕೊಂಡಿದ್ದ ನನ್ನ ಕೈಯನ್ನು ಅತ್ತೆ ಮೈಸೂರು ಬಂದರೂ ಬಿಡಲಿಲ್ಲ.