ಮೇಣದ ಮೇಲೆ ಅಲೊಂಜೊನ ಕಾಲು

ಕನ್ಸಾಸ್ ಸಿಟಿಯಲ್ಲಿ ನಮ್ಮ ಹದಿಮೂರು ಜನರ ಬ್ಯಾಂಡು ನುಡಿಸಲು ಶುರುಮಾಡಿದರೆ ಕುಣಿಯದೆ ಕೂತವರನ್ನು ನಾನು ಕಂಡಿಲ್ಲ. ಆದರೂ 1933ರವರೆಗೆ ನಮ್ಮದೊಂದೂ ರೆಕಾರ್ಡು ಬಂದಿರಲಿಲ್ಲ. ಆ ಜುಲೈಯಲ್ಲಿ ಷಿಕಾಗೋದ ರೆಕಾರ್ಡು ಕಂಪನಿಯಿಂದ ಕರೆ ಬಂತು. ಬ್ಯಾಂಡಿನ ಯಜಮಾನರಾದ ಗ್ಯಾಡಿಸ್ ಎಲ್ಲರನ್ನೂ ಬಸ್ಸಿಗೆ ತುಂಬಿದರು. ಟ್ರಾಂಬೋನಿನವನಾದ ನನ್ನ ಪಕ್ಕ ಕೂತದ್ದು ಸ್ಯಾಕ್ಸೊಫೋನಿನ ಅಲೊಂಜೊ ಪಿಕೆನ್ಸ್. ಬ್ಯಾಂಡಿನ ಶೋಕಿಲಾಲ. ದಾರಿಯುದ್ದಕ್ಕೂ ತನ್ನ ಕಪ್ಪು ಬಿಳುಪಿನ ಬೂಟು ಉಜ್ಜುತ್ತಲೇ ಇದ್ದ.

"ರೆಕಾರ್ಡಲ್ಲಿ ಬೂಟು ಕಾಣಲ್ಲ ಕಣಯ್ಯಾ," ಎಂದಳು ಹಿಂದಿನ ಸೀಟಿನಿಂದ ಒಡೆಸ್ಸಾ. ನಮ್ಮ ಪಿಯಾನೊದವಳು, ಬ್ಯಾಂಡಿಗೆಲ್ಲ ಒಬ್ಬಳೇ ಹೆಂಗಸು.

"ಹಾಕ್ಕೊಂಡಿರೋನಿಗೆ ಗೊತ್ತಿರತ್ತಲ್ಲ, ಸಾಕು," ಎಂದ ಅಲೊಂಜೊ.

ಸ್ಟುಡಿಯೋದಲ್ಲಿ ಕಿಟಕಿ ಮುಚ್ಚಿದ್ದರು, ಫ್ಯಾನನ್ನೂ ನಿಲ್ಲಿಸಿದ್ದರು. ಹದಿಮೂರು ಜನಕ್ಕೂ ಒಂದೇ ಮೈಕು. ಗಾಜಿನಾಚೆ ದಪ್ಪ ಮೇಣದ ತಟ್ಟೆ ತಿರುಗುತ್ತಿತ್ತು. ನಾವು ನುಡಿಸಿದ್ದನ್ನೆಲ್ಲ ಸೂಜಿಯೊಂದು ಅದರ ಮೇಲೆ ಕೊರೆಯುತ್ತಿತ್ತು. ತಪ್ಪಿದರೆ ತಿದ್ದುವಂತಿಲ್ಲ, ಹೊಸ ತಟ್ಟೆಯೇ ಆಗಬೇಕು.

ಮೊದಲ ತಟ್ಟೆ ಹಾಳಾಯಿತು. ಎರಡನೆಯದೂ ಹಾಳಾಯಿತು. ಯಂತ್ರ ನೋಡಿಕೊಳ್ಳುತ್ತಿದ್ದವನು ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ.

"ಯಾರ್ರೀ ಅದು, ನೆಲ ಗುದ್ದೋರು? ಸೂಜಿ ನೆಗೀತಾ ಇದೆ. ಇನ್ನು ಉಳಿದಿರೋದು ಎರಡೇ ತಟ್ಟೆ!"

ಹನ್ನೆರಡು ಜನರ ಕಣ್ಣು ಅಲೊಂಜೊನ ಕಾಲಿನ ಮೇಲೆ ನೆಟ್ಟಿತು. "ನಾನಲ್ಲಪ್ಪ," ಎಂದ ಅವನು. ಕಾಲು ಆಗಲೂ ತಾಳ ಹಾಕುತ್ತಿತ್ತು.

ಬೂಟು ಬಿಚ್ಚಲೇಬೇಕಾಯಿತು. ಬಿಚ್ಚಿದರೆ ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಪೂರ್ತಿ ಹೊರಗೆ!

"ಅಯ್ಯೋ, ಇಷ್ಟು ದಿನ ಇದನ್ನೇನಯ್ಯಾ ಬಚ್ಚಿಟ್ಕೊಂಡಿದ್ದೆ?" ಒಡೆಸ್ಸಾ ಬೆಂಚಿನ ಮೇಲೆ ಹೊರಳಾಡಿ ನಕ್ಕಳು. "ಪಾಪ, ಉಸಿರಾಡ್ಲಿ ಬಿಡಿ!"

ಮೂರನೆಯ ಸಲ ಅಲೊಂಜೊ ಕಾಲನ್ನು ಕುರ್ಚಿಯ ಕಾಲಿಗೆ ಸುತ್ತಿಕೊಂಡು ನುಡಿಸಿದ. ಒಂದು ಸ್ವರವೂ ತಪ್ಪಲಿಲ್ಲ, ಆದರೆ ನುಡಿಸಿದ್ದರಲ್ಲಿ ಜೀವವೇ ಇರಲಿಲ್ಲ. ಯಜಮಾನರು ನಡುವೆಯೇ ಕೈಯೆತ್ತಿ ನಿಲ್ಲಿಸಿದರು. ಅಲೊಂಜೊ ತಲೆ ತಗ್ಗಿಸಿದ. "ಆಗಲ್ಲ ಯಜಮಾನ್ರೇ. ಕಾಲು ಕಟ್ಟಿದ್ರೆ ಕೈಯೂ ಕಟ್ಟಿದ ಹಾಗೆ. ನನ್ನ ಬಿಟ್ಟೇ ನುಡಿಸ್ಬಿಡಿ."

ಒಡೆಸ್ಸಾಳ ನಗು ನಿಂತಿತು. ಎದ್ದು ನಿಂತು ಪಿಯಾನೊದ ಮೇಲ್ಮುಚ್ಚಳವನ್ನು ತಟ್ಟಿದಳು. "ಹತ್ತು ಇಲ್ಲಿ. ಇಲ್ಲಿಂದ ಕಾಲು ನೆಲಕ್ಕೆ ತಾಗಲ್ಲ. ಎಷ್ಟು ಬೇಕಾದ್ರೂ ಒದಿ."

ಇಬ್ಬರು ಎತ್ತಿ ಕೂರಿಸಿದೆವು. ಕೊನೆಯ ತಟ್ಟೆ ತಿರುಗಿತು. ಅಲೊಂಜೊ ಒಂಟಿಯಾಗಿ ನುಡಿಸುವ ಸರದಿ ಬಂದಾಗ ಎರಡು ಕಾಲೂ ಗಾಳಿಯಲ್ಲಿ ಬೀಸತೊಡಗಿದವು, ಹೆಬ್ಬೆರಳು ಒಡೆಸ್ಸಾಳ ಮೂಗಿನ ಮುಂದೆಯೇ ತಾಳ ಹಾಕಿತು. ನಾವೆಲ್ಲ ನೆಲ ನೋಡಿಕೊಂಡು ಹೇಗೋ ತಡೆದೆವು. ಅವಳಿಗೆ ಆಗಲಿಲ್ಲ. ಕಿಸಕ್ಕನೆ ನಕ್ಕೇಬಿಟ್ಟಳು, ಬೆರಳು ಮಾತ್ರ ನಿಲ್ಲಿಸಲಿಲ್ಲ. ಮೇಣದ ತಟ್ಟೆಯನ್ನು ಆಗಲೇ ಹಾಕಿ ಕೇಳಿದರೆ ಕೊರೆದದ್ದು ಕೆಟ್ಟುಹೋಗುತ್ತಿತ್ತು. ಏನು ಕೊರೆದಿದೆಯೆಂದು ತಿಳಿಯದೆಯೇ ಊರಿಗೆ ಮರಳಿದೆವು.

ಅಕ್ಟೋಬರಿನಲ್ಲಿ ರೆಕಾರ್ಡು ಬಂತು. ಹೈಲ್ಯಾಂಡ್ ಬೀದಿಯ ಕ್ಷೌರದಂಗಡಿಯ ಗ್ರಾಮಫೋನಿನ ಮುಂದೆ ಎಲ್ಲರೂ ಸೇರಿದೆವು. ಸ್ಯಾಕ್ಸೊಫೋನು ಏರುತ್ತ ಏರುತ್ತ ಹೋಯಿತು. ತುತ್ತತುದಿಯಲ್ಲಿ ಒಂದು ಹೆಣ್ಣಿನ ನಗು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಲೊಂಜೊ ಮಾತ್ರ ಅಲ್ಲಾಡಲಿಲ್ಲ. ಹದಿನೈದು ವರ್ಷ ನುಡಿಸಿದವನು ಅಂದೇ ಮೊದಲ ಸಲ ತನ್ನನ್ನು ತಾನು ಕೇಳಿದ್ದು.

"ಅದು ನಾನೇನಾ?" ಎಂದ ಮೆಲ್ಲಗೆ.

ಒಡೆಸ್ಸಾ ಏನೋ ಚೇಷ್ಟೆಯ ಮಾತಿಗೆ ಬಾಯಿ ತೆರೆದಳು. ಅವನ ಮುಖ ನೋಡಿ ಅದನ್ನು ನುಂಗಿಕೊಂಡಳು. "ನೀನೇ ಕಣಯ್ಯಾ. ಬೇರೆ ಯಾರಿಗೆ ಬರತ್ತೆ ಹಾಗೆ?"

ಅವನು ಕಣ್ಣೊರೆಸಿಕೊಂಡು ಕ್ಷೌರಿಕನ ಕಡೆ ತಿರುಗಿದ. "ಇನ್ನೊಂದ್ಸಲ ಹಾಕಪ್ಪ. ಈ ಸಲ ಆ ನಗೋಳನ್ನೂ ಸರಿಯಾಗಿ ಕೇಳ್ತೀನಿ."

ನನ್ನ ಹನ್ನೆರಡು ವರ್ಷದ ಪರಿಚಯದಲ್ಲಿ ಒಡೆಸ್ಸಾ ಟಿಬ್ಸ್ ನಾಚಿದ್ದನ್ನು ನೋಡಿದ್ದು ಆ ಒಂದು ಸಲ.