ಆಸ್ಪತ್ರೆಯ ಬಾಂಡಿಗೆ ನಾನು ‘ಬೇಡ’ ಎಂದ ದಿನ

ನಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ನನ್ನಂಥ ಗಂಟಲು ಇನ್ನೊಂದಿಲ್ಲ. ನಾನು ನೆಬ್ರಾಸ್ಕಾದಲ್ಲಿ ಕೆಮ್ಮಿದರೆ ಗಡಿಯಾಚೆ ಕಾನ್ಸಸ್‌ನ ಹಸುಗಳು ದಿನ ತುಂಬುವ ಮುಂಚೆಯೇ ಕರು ಹಾಕುತ್ತವೆ. ಡೆಲ್ಮಾರ್ ಕ್ರೌಸ ಎಂದರೆ ನಾನೇ. ಈ ಗಂಟಲೊಂದರಿಂದಲೇ ಊರ ಆಸ್ಪತ್ರೆಯನ್ನು ಮಲಗಿಸಿದವನೂ ನಾನೇ.

ಕಳೆದ ಮಾರ್ಚ್‌ನ ಮಾತು. ಆಸ್ಪತ್ರೆಯ ಸ್ಕ್ಯಾನ್ ಯಂತ್ರ ಬೈಬಲಿನ ನೋಹನ ನಾವೆಯಿಂದ ಇಳಿಸಿದಷ್ಟು ಹಳೆಯದು; ವಾರಕ್ಕೆ ಮೂರು ದಿನ ಕೆಟ್ಟಿರುತ್ತಿತ್ತು. ಹೊಸದಕ್ಕಾಗಿ ಬಾಂಡ್ ಹೊರಡಿಸಿ ಜನರಿಂದ ಸಾಲ ಎತ್ತುತ್ತಾರೆ, ಮಂಗಳವಾರ ಕೌಂಟಿ ಕಚೇರಿಯಿರುವ ಕೋರ್ಟ್‌ಹೌಸಿನಲ್ಲಿ ಸಾರ್ವಜನಿಕ ಸಭೆ ಎಂದು ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ ಬಂತು. ಅಂಥ ಸಭೆಗೆ ಯಾರೂ ಹೋಗುವುದಿಲ್ಲ. ಗುಮಾಸ್ತೆ ಖಾಲಿ ಕುರ್ಚಿಗಳಿಗೆ ಓದಿ ಹೇಳಿ ಮುಗಿಸುತ್ತಾಳೆ. ಆದರೆ ಹಿಂದೆ ಶಾಲೆಯ ಬಾಂಡಿನಿಂದ ನಮ್ಮ ಹೊಲದ ತೆರಿಗೆ ಏರಿತ್ತು. ಇದೂ ಅದೇ ಎಂದುಕೊಂಡೆ.

ನನ್ನ ಹೆಂಡತಿಯ ಅಕ್ಕನ ಮಗಳು ಜಾನೆಲ್ ಆ ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದಳು:

“ಚಿಕ್ಕಪ್ಪ, ಶಾಲೆ ಬಾಂಡೇ ಬೇರೆ, ಇದೇ ಬೇರೆ. ಆಸ್ಪತ್ರೆ ಯಾರ ಲಾಭಕ್ಕೂ ನಡೆಯೋದಲ್ಲ. ಅದಕ್ಕೆ ಕೌಂಟಿ ತನ್ನ ಹೆಸರಲ್ಲಿ ಬಾಂಡ್ ಹೊರಡಿಸಿ ಕೊಡುತ್ತೆ. ಕೊಂಡವರಿಗೆ ಬರೋ ಬಡ್ಡಿ ಮೇಲೆ ತೆರಿಗೆ ಇಲ್ಲ, ಹಾಗಾಗಿ ಕಮ್ಮಿ ಬಡ್ಡಿಗೆ ದುಡ್ಡು ಕೊಡ್ತಾರೆ. ತೀರಿಸೋದು ಆಸ್ಪತ್ರೆ.”

“ತೀರಿಸದೇ ಹೋದ್ರೆ?”

“ನಷ್ಟ ಬಾಂಡ್ ಕೊಂಡವರದು. ನಿಮ್ಮ ಹೊಲದ ಮೇಲೆ ಒಂದು ಸೆಂಟೂ ಬೀಳಲ್ಲ.”

“ಹೋಗೇ, ಸೂಜಿ ಚುಚ್ಚೋಳು ನಂಗೆ ತೆರಿಗೆ ಪಾಠ ಹೇಳ್ತಾಳೆ!”

ನನ್ನ ಹೆಂಡತಿ ಅರ್ಡಿತ್ ಸೇಬಿನ ಪೈ ಕೊಯ್ಯುತ್ತಾ, “ಬಾಯಿಗೆ ಸ್ವಲ್ಪ ರಜೆ ಕೊಟ್ಟು ಕಿವಿಗೆ ಕೆಲಸ ಹಚ್ಚಿ, ಮಾರಾಯ್ರೆ” ಎಂದಳು.

ನಾನು ಸಭೆಗೆ ಐದು ಸಾವಿರ ಜನರನ್ನು ಕರೆದೊಯ್ದೆ. ಸರಿ, ನಲವತ್ತೊಂದು. “ಬೇಡ! ಬೇಡ!” ಎಂದು ಕೂಗಿದ ರಭಸಕ್ಕೆ ಕೋರ್ಟ್‌ಹೌಸಿನ ಚಾವಣಿ ಪಕ್ಕದ ಅಯೋವಾ ರಾಜ್ಯಕ್ಕೆ ಹೋಗಿ ಬಿತ್ತು. ಮುಂದಿನ ಚುನಾವಣೆಯ ಭಯಕ್ಕೆ ಕೌಂಟಿ ನಡೆಸುವ ಮೂವರು ಕಮಿಷನರುಗಳೂ ಒಪ್ಪಿಗೆ ಕೊಡಲಿಲ್ಲ. ಬ್ಯಾಂಕಿನ ಬಡ್ಡಿ ಆಸ್ಪತ್ರೆಗೆ ಎಟುಕಲಿಲ್ಲ. ಆಗಸ್ಟ್‌ನಲ್ಲಿ ಯಂತ್ರ ಪೂರ್ತಿ ನಿಂತಿತು.

ಅಕ್ಟೋಬರ್‌ನಲ್ಲಿ ಮೆಕ್ಕೆಜೋಳದ ಕೊಯ್ಲು. ಹೊಲಕ್ಕೆ ಊಟ ತಂದ ಅರ್ಡಿತ್‌ಳ ಕೈಯಿಂದ ಕಾಫಿ ಫ್ಲಾಸ್ಕ್ ಜಾರಿತು. ಬಾಯಿ ಒಂದು ಕಡೆಗೆ ವಾಲಿತು. ಹನ್ನೆರಡು ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿಸಿದೆ.

“ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ಸೋರ್ತಿದೆಯೋ ನೋಡ್ದೆ ಔಷಧಿ ಕೊಡೋ ಹಾಗಿಲ್ಲ ಚಿಕ್ಕಪ್ಪ. ತಪ್ಪಿದ್ರೆ ಪ್ರಾಣಾನೇ ಹೋಗುತ್ತೆ” ಎಂದಳು ಜಾನೆಲ್.

“ಹಾಗಾದ್ರೆ ನೋಡೇ!”

“ಯಾವುದ್ರಲ್ಲಿ ನೋಡ್ಲಿ?”

ಸ್ಕ್ಯಾನ್ ಇರುವ ಆಸ್ಪತ್ರೆ ತೊಂಬತ್ತು ಮೈಲಿ. ಇದನ್ನು ನಾನು ಏರಿಸಿ ಹೇಳುತ್ತಿಲ್ಲ. ಗಾಳಿಗೆ ಹೆಲಿಕಾಪ್ಟರ್ ಹಾರಲಿಲ್ಲ. ಇದ್ದ ಒಂದೇ ಆಂಬುಲೆನ್ಸ್ ಇನ್ನೊಬ್ಬರನ್ನು ಅಲ್ಲಿಗೇ ಒಯ್ದಿತ್ತು. ನನ್ನ ಗಾಡಿಯಲ್ಲೇ ಒಯ್ಯುತ್ತೇನೆಂದರೆ, ದಾರಿಯಲ್ಲಿ ಉಸಿರು ನಿಂತರೆ ಏನು ಮಾಡ್ತೀರಿ ಎಂದು ಜಾನೆಲ್ ತಡೆದಳು. ಅದು ಮರಳಿ ಬಂದು, ನಾವು ಹೋಗಿ ಮುಟ್ಟುವಷ್ಟರಲ್ಲಿ ಹೆಪ್ಪು ಕರಗಿಸುವ ಔಷಧಿ ಕೊಡಬಹುದಾದ ಮೊದಲ ಕೆಲವು ಗಂಟೆಗಳು ಮೀರಿದ್ದವು.

ಅರ್ಡಿತ್ ಬದುಕಿದ್ದಾಳೆ. ಬಲಗೈ ಏಳುವುದಿಲ್ಲ. ಮಾತೆಲ್ಲ ಹೋಗಿ ಒಂದೇ ಉಳಿದಿದೆ: “ಬೇಡ.” ಸೂಪ್ ಕೊಟ್ಟರೂ ಬೇಡ, ತಲೆ ಬಾಚಿದರೂ ಬೇಡ. ಮೊಮ್ಮಗಳು ಮುತ್ತಿಟ್ಟರೆ ನಗುತ್ತಾಳೆ, ನಗುತ್ತಲೇ “ಬೇಡ” ಎನ್ನುತ್ತಾಳೆ. ಹೊಸ ಯಂತ್ರ ಬಂದರೂ ಅವಳ ಮಾತು ಮರಳಿ ಬರುವುದಿಲ್ಲ. ಅದು ನನಗೆ ಗೊತ್ತು. ಅಂದು ನನ್ನ ಪಕ್ಕದಲ್ಲಿ ನಿಂತು ಕೂಗಿದ ಮಗ ರಸೆಲ್ ಈಗ ಜಾನೆಲ್ ಜೊತೆ ಮನೆಮನೆಗೆ ನೀವು ಓದುತ್ತಿರುವ ಈ ಕಾಗದ ಹಂಚುತ್ತಿದ್ದಾನೆ.

ನೆರೆಯವರೇ, ಬಾಂಡಿನ ಸಭೆ ಮತ್ತೆ ಕರೆದಿದ್ದಾರೆ. ಬರುವ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಅದೇ ಕೋರ್ಟ್‌ಹೌಸಿನಲ್ಲಿ. ಸಾಲ ತೀರಿಸುವವರು ಯಾರು ಎಂದು ಮೊದಲು ಕೇಳಿ, ಆಮೇಲೆ ಬಾಯಿ ತೆರೆಯಿರಿ. ಅರ್ಡಿತ್ ಗಾಲಿಕುರ್ಚಿಯಲ್ಲಿ ಮೊದಲ ಸಾಲಿನಲ್ಲೇ ಇರುತ್ತಾಳೆ. “ಬೇಕು” ಎನ್ನಲು ಅವಳಿಗೆ ಬರುವುದಿಲ್ಲ. ನೀವು ಬಂದು ಅನ್ನಿ.