ಶೇಕಡಾ ಒಂದರ ಬಿರಿಯಾನಿ

"ಅರ್ಧ ಲವಂಗ ಅಂದ್ರೆ ತಲೆ ಕಡೆ ಅರ್ಧವೋ, ಕಾಲ್ ಕಡೆ ಅರ್ಧವೋ ಮೇಷ್ಟ್ರೇ?" ಎಂದು ಮುಖ್ತಾರ್ ಅಹಮದ್ ಸಾಹೇಬರು ಕೇಳಿದಾಗ, ಕಾಂಪೌಂಡ್ ಗೋಡೆಯಾಚೆ ನಿಂತಿದ್ದ ಲಕ್ಷ್ಮೀನರಸಿಂಹಯ್ಯ ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಳಿಸಿದರು. ರಿಟೈರ್ ಆಗುವವರೆಗೂ ಗುಬ್ಬಿಯಲ್ಲಿ ಭಿನ್ನರಾಶಿ ಕಲಿಸಿದವರು ಅವರು. ಇಂಥ ಪ್ರಶ್ನೆಯನ್ನು ಯಾವ ಹುಡುಗನೂ ಕೇಳಿರಲಿಲ್ಲ.

"ಉದ್ದಕ್ಕೆ ಸೀಳಿ ಸಾಬ್ರೇ," ಅಂದರು ಕೊನೆಗೆ. "ಆಗ ಇಬ್ಬರಿಗೂ ಅನ್ಯಾಯ ಆಗಲ್ಲ."

"ಇಬ್ರು ಎಲ್ಲಿದಾರೆ ಇಲ್ಲಿ," ಎನ್ನುತ್ತಾ ಸಾಹೇಬರು ಮಾಂಸ ಕಡಿಯುವ ಮಚ್ಚು ಎತ್ತಿ ಲವಂಗವನ್ನು ಸೀಳಿದರು.

ಸಾಹೇಬರಿಗೆ ಬರುತ್ತಿದ್ದದ್ದು ಒಂದೇ ಅಡುಗೆ, ಅದಕ್ಕೆ ಒಂದೇ ಅಳತೆ. ತುಮಕೂರಿನ ಮಂಡಿಪೇಟೆಯಿಂದ ಹಿಡಿದು ಕುಣಿಗಲ್‌ವರೆಗೆ ಯಾರ ಮನೆಯ ನಿಕಾಹ್ ಆದರೂ ಬಿರಿಯಾನಿ ಅವರದೇ. ನೂರು ಜನಕ್ಕೆ ಒಂದು ದೇಗ್, ಐನೂರು ಜನಕ್ಕೆ ಐದು. ದೇಗ್ ಅಂದರೆ ಒಳಗೆ ಕಲಾಯಿ ಹಾಕಿದ ತಾಮ್ರದ ದೊಡ್ಡ ಹಂಡೆ. ಹೆಬ್ಬೂರಿನ ಒಂದು ಮದುವೆಯಲ್ಲಿ ಹುಡುಗನ ಸೋದರಮಾವ ಉಪ್ಪು ನೋಡಲು ಬಗ್ಗಿ ಕನ್ನಡಕ ಬೀಳಿಸಿಕೊಂಡರಂತೆ. ಏಣಿ ಇಟ್ಟು ಇಳಿದು, ಹುಡುಕಿ, ಮೇಲೆ ಹತ್ತಿ ಬರುವಷ್ಟರಲ್ಲಿ ಮದುಮಕ್ಕಳಿಗೆ ಒಂದು ಮಗು ಆಗಿತ್ತಂತೆ. ಇದನ್ನು ಹೇಳಿದ್ದು ಸಾಹೇಬರೇ. ಅವರು ಸುಳ್ಳು ಹೇಳುವವರಲ್ಲ, ಅಳತೆಯಲ್ಲಿ ಮಾತ್ರ ಸ್ವಲ್ಪ ಧಾರಾಳ.

ಊರಿಗೆಲ್ಲ ಬೇಯಿಸಿ ಬಡಿಸಿದ ಅವರಿಗೆ ಮನೆಯ ಅಡುಗೆಕೋಣೆಗೆ ಪ್ರವೇಶವಿರಲಿಲ್ಲ. "ಒಂದು ಈರುಳ್ಳಿ ಹೆಚ್ಚಿಕೊಡಿ ಅಂದ್ರೆ ಒಂದು ಮೂಟೆ ಹೆಚ್ಚುತಾರೆ," ಎಂದು ಹೆಂಡತಿ ಫಾತಿಮುನ್ನೀಸಾ ಹೊಸ್ತಿಲಲ್ಲೇ ತಡೆಯುತ್ತಿದ್ದರು. ಆ ಹೊಸ್ತಿಲ ಮೇಲೆ ಕೂತು, ಒಳಗಿಂದ ಬರುವ ಬಿಸಿ ರೊಟ್ಟಿ ತಿನ್ನುತ್ತಾ ಸಾಹೇಬರ ಸಂಸಾರ ಸಾಗಿತ್ತು. ಕಳೆದ ಚಳಿಗಾಲದಲ್ಲಿ ಫಾತಿಮುನ್ನೀಸಾ ತೀರಿಹೋದರು. ಮದುವೆ ಸೀಸನ್ ಇರುವಷ್ಟು ದಿನ ಸಾಹೇಬರು ಮದುವೆಮನೆಗಳಲ್ಲೇ ಉಂಡರು. ಮೊಹರಂ ತಿಂಗಳು ಬಂತು, ಮದುವೆಗಳು ನಿಂತವು. ಸಾಹೇಬರು ಟೀ ಮತ್ತು ಬನ್ನಿಗೆ ಇಳಿದರು. ಹೋಟೆಲಿನ ಬಿರಿಯಾನಿಯನ್ನು ಅವರು ಚಿತ್ರಾನ್ನದ ಜಾತಿಗೆ ಸೇರಿಸಿ ಎಷ್ಟೋ ಕಾಲವಾಗಿತ್ತು.

ಮೇಷ್ಟ್ರ ಹೆಂಡತಿ ಸುಬ್ಬಲಕ್ಷ್ಮಮ್ಮ ಇದನ್ನು ನೋಡಲಾರದೆ ಕುಣಿಗಲ್‌ನಲ್ಲಿದ್ದ ಸಾಹೇಬರ ಮಗಳು ರೂಬಿಗೆ ಫೋನ್ ಮಾಡಿ ಹೇಳಿಬಿಟ್ಟರು. ರೂಬಿ ಅದೇ ಫೋನಿಗೆ ಅಪ್ಪನನ್ನು ಕರೆಸಿದಳು. ಅವಳಿಗೆ ಪ್ರೀತಿಗೆ ಉರ್ದು, ಜಗಳಕ್ಕೆ ಕನ್ನಡ. ಅವತ್ತು ಹಲೋ ಅಂದದ್ದೇ ಕನ್ನಡದಲ್ಲಿ.

"ಶುಕ್ರವಾರ ಬರ್ತೀನಿ ಅಬ್ಬಾ. ನಿಮಗೊಬ್ರಿಗೆ ಬೇಕಾದಷ್ಟು ನೀವೇ ಬೇಯಿಸ್ಕೊಂಡು ತಿನ್ನೋದನ್ನ ನಾನು ಕಣ್ಣಾರೆ ನೋಡ್ಬೇಕು. ಆಗ್ಲಿಲ್ವಾ, ಮನೆ ಖಾಲಿ ಮಾಡಿ ನನ್ ಜೊತೆ ಬಸ್ ಹತ್ತೋದೇ."

"ನಿಮ್ಮನೆ ಬಾಗ್ಲಲ್ಲಿ ದೇಗ್ ಹಿಡಿಸಲ್ಲ ಬೇಟಿ."

"ದೇಗ್‌ನ ಯಾರ್ ಕರೆದ್ರು? ನಾನು ಕರೀತಿರೋದು ನಿಮ್ನ!"

ದೇಗ್ ಹಿಡಿಸದೆ ಇದ್ದದ್ದು ನಿಜ. ಆದರೆ ಅಡುಗೆಕೋಣೆಯ ಬಾಗಿಲ ಚೌಕಟ್ಟಿನ ಪಕ್ಕದ ಗೋಡೆಯಲ್ಲಿ, ಫಾತಿಮುನ್ನೀಸಾ ಹಿಟ್ಟು ಕಲಸುತ್ತಾ, ಮಸಾಲೆ ಅರೆಯುತ್ತಾ ಎದ್ದು ಬಂದಾಗಲೆಲ್ಲ ಕೈಯೂರಿದ ಜಾಗವೊಂದಿತ್ತು. ಅರಿಶಿನವೂ ಎಣ್ಣೆಯೂ ಸೇರಿ ಬೆರಳುಗಳ ಗುರುತು ಗೋಡೆಗೆ ಇಳಿದಿತ್ತು. ಬಾಡಿಗೆ ಮನೆ. ಹೊಸಬರು ಬಂದರೆ ಮೊದಲು ಮಾಡುವ ಕೆಲಸ ಸುಣ್ಣ ಹೊಡೆಸುವುದು. ಇದನ್ನು ಸಾಹೇಬರು ಫೋನಿನಲ್ಲಿ ಹೇಳಲಿಲ್ಲ. ಫೋನಿಟ್ಟು ಮೇಷ್ಟ್ರ ಕಡೆ ತಿರುಗಿ, "ಒಬ್ರಿಗೆ ಬಿರಿಯಾನಿ ಮಾಡೋದು ಹೆಂಗೆ?" ಎಂದರು.

"ನಿಮ್ಮದು ಕಷ್ಟವೇ ಅಲ್ಲ ಸಾಬ್ರೇ," ಅಂದರು ಮೇಷ್ಟ್ರು. ಬಹಳ ದಿನದ ಮೇಲೆ ಒಬ್ಬ ವಿದ್ಯಾರ್ಥಿ ಸಿಕ್ಕಿದ್ದ. "ಶೇಕಡಾ ಅಂದ್ರೆ ನೂರಕ್ಕೆ. ನಿಮ್ಮ ದೇಗೂ ನೂರಕ್ಕೇ. ಅಂದ್ಮೇಲೆ ನೀವು ಶೇಕಡಾ ಒಂದು."

"ನಾನಾ?"

"ನೀವೇ."

ಸಾಹೇಬರು ತಮ್ಮನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿಕೊಂಡರು.

ಮೇಷ್ಟ್ರು ಕಾಂಪೌಂಡ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾ ಹೋದರು. ಹನ್ನೆರಡು ಕೆ.ಜಿ. ಅಕ್ಕಿ ನೂರಿಪ್ಪತ್ತು ಗ್ರಾಂ ಆಯಿತು. ಇಪ್ಪತ್ತೈದು ಏಲಕ್ಕಿ ಕಾಲು ಏಲಕ್ಕಿ ಆಯಿತು. ಐವತ್ತು ಲವಂಗ ಅರ್ಧಕ್ಕೆ ಬಂತು. ಏಳು ಮುಷ್ಟಿ ಉಪ್ಪು ಮುಷ್ಟಿಯ ಶೇಕಡಾ ಏಳಕ್ಕೆ ಇಳಿಯಿತು. "ಯಾರ ಮುಷ್ಟಿ?" ಎಂದು ಮೇಷ್ಟ್ರು ಕೇಳಿ, ಸಾಹೇಬರ ಮುಷ್ಟಿ ನೋಡಿ, ಒಪ್ಪಿದರು. ಮಾಂಸದ ಲೆಕ್ಕ ಬಂದಾಗ ಮೂಗಿಗೆ ಟವೆಲ್ ಅಡ್ಡ ಹಿಡಿದು ಭಾಗಿಸಿದರು.

"ಏನ್ರೀ, ಅಲ್ಲಿ ನಿಂತ್ಕೊಂಡು ಏನ್ ಮಾಡ್ತಿದೀರಾ?" ಒಳಗಿಂದ ಸುಬ್ಬಲಕ್ಷ್ಮಮ್ಮನ ದನಿ.

"ಲೆಕ್ಕ ಕಣೇ! ಲೆಕ್ಕಕ್ಕೆ ಮಡಿ ಮೈಲಿಗೆ ಇಲ್ಲ!"

ಲವಂಗ ಸೀಳಿ ಎಲ್ಲವನ್ನೂ ಪುಟ್ಟ ಪಾತ್ರೆಗೆ ಹಾಕಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿದ್ದಾಯಿತು. ಇನ್ನು ದಮ್. ಮದುವೆಯಲ್ಲಾದರೆ ದೇಗ್‌ನ ಬಾಯಿ ಮುಚ್ಚಿ, ಕೆಳಗೂ ಮೇಲೂ ಕೆಂಡ ಹಾಕಿ, ಒಂದು ಗಂಟೆ ಮುಟ್ಟದೆ ಬಿಡಬೇಕು.

"ತ್ರೈರಾಶಿ," ಅಂದರು ಮೇಷ್ಟ್ರು. "ನೂರು ಜನಕ್ಕೆ ಒಂದು ಗಂಟೆ. ಒಬ್ಬರಿಗೆ ಮೂವತ್ತಾರು ಸೆಕೆಂಡು."

"ಅಷ್ಟು ಬೇಗನಾ?"

"ಒಬ್ಬರೇ ತಾನೇ ಸಾಬ್ರೇ."

ಸಾಹೇಬರಿಗೂ ಅದು ನ್ಯಾಯವಾಗಿಯೇ ಕಂಡಿತು. ಒಂದೇ ಒಂದು ಕೆಂಡ ಮುಚ್ಚಳದ ಮೇಲೆ ಇಟ್ಟರು. ಮೇಷ್ಟ್ರು ವಾಚು ನೋಡಿ "ಸ್ಟಾಪ್!" ಎಂದು ಕೂಗಿದರು. ಪಾತ್ರೆ ಅಲ್ಲಾಡಿಸಿದರೆ ಅಕ್ಕಿ ಗಿಲಕಿಯ ಹಾಗೆ ಸದ್ದು ಮಾಡಿತು. ಮೇಷ್ಟ್ರು ಗೋಡೆಯ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ತಾಳೆ ನೋಡಿ, "ಲೆಕ್ಕ ಸರಿಯಾಗಿದೆ," ಅಂದರು. "ಅಕ್ಕಿ ತಪ್ಪಿದೆ."

ಮಾರನೆ ದಿನ ಸಾಹೇಬರು ಮೇಷ್ಟ್ರಿಗೆ ಹೇಳದೆ ಆ ಪುಟ್ಟ ಪಾತ್ರೆಯನ್ನು ಒಂದು ಗಂಟೆ ಕೆಂಡದ ಮೇಲಿಟ್ಟರು. ಅದು ಇದ್ದಿಲಾಯಿತು. ಸಂಜೆ ಅರ್ಧ ಗಂಟೆ ಇಟ್ಟರು. ತಳ ಸುಟ್ಟು ಮೇಲೆ ಹಸಿ ಉಳಿಯಿತು. ಸುಟ್ಟದ್ದಕ್ಕೂ ಹಸಿಗೂ ನಡುವೆ ಎರಡು ತುತ್ತಿನಷ್ಟು ಸರಿಯಾಗಿ ಬೆಂದಿತ್ತು. ಅದನ್ನು ಹೊಸ್ತಿಲ ಮೇಲೆ ಕೂತು ತಿಂದರು. ಕೈ ತೊಳೆದು ಕಾಂಪೌಂಡ್ ಗೋಡೆಯ ಹತ್ತಿರ ಬಂದರು.

"ನಾಳೆ ಶುಕ್ರವಾರ ಮೇಷ್ಟ್ರೇ. ಸರಿಯಾಗೋ ಸಂಭವ ಎಷ್ಟು?"

"ಬೇಯುತ್ತೆ, ಇಲ್ಲಾ ಬೇಯಲ್ಲ. ಎರಡೇ. ಅರ್ಧಕ್ಕರ್ಧ."

"ಇವತ್ತೂ ಅರ್ಧಕ್ಕರ್ಧವೇ ಬೆಂದಿತ್ತು," ಎಂದು ಸಾಹೇಬರು ಒಳಗೆ ಹೋದರು.

ಶುಕ್ರವಾರ ನಮಾಜ್ ಮುಗಿಸಿ ಬಂದವರು ಹಿತ್ತಲಲ್ಲಿ ಬೋರಲು ಹಾಕಿದ್ದ ದೇಗ್‌ನ ಮುಂದೆ ನಿಂತರು. ಆಮೇಲೆ ಅದನ್ನು ಉರುಳಿಸಿ ಒಲೆಗೆ ಏರಿಸಿದರು. ತಳಕ್ಕೆ ಒಂದು ಚೊಂಬು ನೀರು ಹುಯ್ದರು. ಪುಟ್ಟ ಪಾತ್ರೆಯನ್ನು, ಅದರ ಕಾಲು ಏಲಕ್ಕಿ ಅರ್ಧ ಲವಂಗದ ಸಮೇತ, ಆ ನೀರಿನ ನಡುವೆ ಇಳಿಸಿದರು. ದೊಡ್ಡ ಮುಚ್ಚಳ ಹಾಕಿ, ಸುತ್ತ ಹಿಟ್ಟು ಮೆತ್ತಿ, ಮೇಲೆ ಮದುವೆಗೆ ಹಾಕುವಷ್ಟೇ ಕೆಂಡ ಹರಡಿ, ಸ್ಟೂಲ್ ಎಳೆದುಕೊಂಡು ಕೂತರು.

ಮದುವೆಗಳಲ್ಲಿ ದಮ್‌ನ ಗಂಟೆ ಹೇಗೆ ಹೋಗುತ್ತದೆಂದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಗಂಡಿನ ಕಡೆಯವರು ಒಮ್ಮೆ ಬಂದು ಜಗಳವಾಡುವರು, ಹೆಣ್ಣಿನ ಕಡೆಯವರು ಬಂದು ಸಮಾಧಾನ ಮಾಡುವರು, ನಡುವೆ ಯಾರೋ ಟೀ ಕೊಡುವರು. ಇವತ್ತು ಯಾರೂ ಬರಲಿಲ್ಲ. ಮೇಷ್ಟ್ರ ಮನೆಯಲ್ಲಿ ಕುಕ್ಕರ್ ಕೂಗಿ ನಿಂತಿತು. ಬೂದಿ ಕಟ್ಟುತ್ತಿದ್ದ ಕೆಂಡವನ್ನು ಸಾಹೇಬರು ಒಮ್ಮೆ ಊದಿದರು.

ಗೇಟು ಸದ್ದಾಯಿತು. ರೂಬಿ ಬುರ್ಖಾದ ಮುಸುಕು ಸರಿಸಿ ಹಿತ್ತಲಿಗೆ ಬಂದವಳೇ ನಿಂತುಬಿಟ್ಟಳು.

"ಯಾರ ಮದ್ವೆ ಅಬ್ಬಾ? ಮೊಹರಂನಲ್ಲಿ?"

"ಮದ್ವೆ ಅಲ್ಲ. ನನ್ನೂಟ."

"ಎಷ್ಟ್ ಜನಕ್ಕೆ?"

"ಶೇಕಡಾ ಒಂದು."

ಅವಳಿಗೆ ಅರ್ಥವಾಗಲಿಲ್ಲ. "ಇನ್ನೂ ಎಷ್ಟೊತ್ತು ಕಾಯ್ಬೇಕು?"

"ಪೂರ್ತಿ ಒಂದು ಗಂಟೆ ಆಗ್ಬೇಕು. ಒಬ್ರಿಗೂ ಅಷ್ಟೇ ಹಿಡಿಯುತ್ತೆ ಕಣಮ್ಮ. ಮೇಷ್ಟ್ರಿಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾರೆ."

ಹೊತ್ತಾದಾಗ ಸಾಹೇಬರು ಹಿಟ್ಟು ಬಿಡಿಸಿ ಮುಚ್ಚಳ ಎತ್ತಿದರು. ಹಬೆ ಹೋದ ಮೇಲೆ ರೂಬಿ ಬಗ್ಗಿ ನೋಡಿದಳು. ಅಷ್ಟು ದೊಡ್ಡ ತಾಮ್ರದ ತಳದಲ್ಲಿ, ಬಾವಿಗೆ ಬಿದ್ದ ರೂಪಾಯಿಯಂತೆ, ಆ ಪಾತ್ರೆ ಕೂತಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಪ್ಪ ಅಭ್ಯಾಸಬಲದಿಂದ ದೊಡ್ಡ ಸೌಟು ತಂದು, ಅದು ಪಾತ್ರೆಯ ಬಾಯಿಗೆ ಹಿಡಿಸದೆ, ಮತ್ತೆ ಗೋಡೆಗೆ ಒರಗಿಸಿ, ಮಸಿಬಟ್ಟೆ ಸುತ್ತಿದ ತೋಳನ್ನು ಭುಜದವರೆಗೆ ಒಳಗಿಳಿಸಿದ್ದನ್ನು ನೋಡುತ್ತಿದ್ದಂತೆ ಅವಳ ನಗು ನಿಂತಿತು.

ಅನ್ನ ಬಿಡಿಬಿಡಿಯಾಗಿ ಬೆಂದಿತ್ತು. ಸಾಹೇಬರು ಹೊಸ್ತಿಲ ಮೇಲೆ ಕೂತರು. ಮೊದಲ ತುತ್ತನ್ನು ಮಗಳ ಕಡೆ ಚಾಚಿದರು.

"ಉಪ್ಪು?"

"ಸರಿಯಾಗಿದೆ."

ಮಿಕ್ಕದ್ದನ್ನು ಅವರು ಉಂಡು ಮುಗಿಸುವವರೆಗೆ ರೂಬಿ ಅಡುಗೆಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಗೋಡೆಯ ಮೇಲಿನ ಬೆರಳಗುರುತಿನ ಹತ್ತಿರ ಅವಳ ಕೈ ಹೋಯಿತು, ಮುಟ್ಟದೆ ವಾಪಸು ಬಂತು.

"ಇಲ್ಲೇ ಇರಿ ಬುಡಿ ಅಬ್ಬಾ," ಅಂದಳು. ಜಗಳವಿಲ್ಲದಿದ್ದರೂ ಕನ್ನಡದಲ್ಲೇ ಅಂದಳು.

ಮಗಳನ್ನು ಕುಣಿಗಲ್ ಬಸ್ಸಿಗೆ ಹತ್ತಿಸಿ ಬಂದಾಗ ಹಿತ್ತಲಲ್ಲಿ ಇನ್ನೂ ಬೆಳಕಿತ್ತು. ಸಾಹೇಬರು ಬೂದಿ, ತೆಂಗಿನ ನಾರು ತೆಗೆದುಕೊಂಡು ದೇಗ್ ತೊಳೆಯಲು ಬಗ್ಗಿದರು. ತೊಳೆಯಲು ಅಂಥದ್ದೇನೂ ಇರಲಿಲ್ಲ. ಒಂದು ಅಗುಳು ಕೂಡ ಅಂಟಿರಲಿಲ್ಲ. ಹುಯ್ದ ನೀರೆಲ್ಲ ಆರಿ, ಕಲಾಯಿಯ ಮೇಲೆ, ಪಾತ್ರೆ ಕೂತಿದ್ದ ಜಾಗದಲ್ಲಿ ಮಾತ್ರ ಅಂಗೈಯಗಲದ ದುಂಡನೆಯ ಗುರುತೊಂದು ಉಳಿದಿತ್ತು. ಸಾಹೇಬರು ಅದರ ಸುತ್ತ ಉಜ್ಜಿದರು. ಆಮೇಲೆ ದೇಗನ್ನು ಎಂದಿನಂತೆ ಉರುಳಿಸಿ, ಬೋರಲು ಹಾಕಿದರು.